ಎಲುಬಿನ ಹಿಡಿಕೆ

ಎಲುಬನ್ನು ಒಣಗಿದ್ದಾಗ ಅರದಿಂದ ತಿಕ್ಕಬಾರದು. ತಿಕ್ಕಿದರೆ ಕೂದಲು ಸುಟ್ಟಂಥ ವಾಸನೆ ಏಳುತ್ತದೆ. ಅದು ಬಟ್ಟೆಗೆ ಹತ್ತಿದರೆ ಎರಡು ಸಲ ಒಗೆದರೂ ಹೋಗುವುದಿಲ್ಲ. ಹಾಗಾಗಿ ಅವ್ವ ಬಲಗಡೆ ಒಂದು ಸೊಟ್ಟಾದ ಅಲ್ಯುಮಿನಿಯಂ ಬಟ್ಟಲಲ್ಲಿ ನೀರಿಟ್ಟುಕೊಂಡು, ನಾಲ್ಕು ಸಲ ಅರ ಎಳೆದು ಒಂದು ಸಲ ಬೆರಳಿನಿಂದ ನೀರು ಚಿಮುಕಿಸುತ್ತಿದ್ದಳು. ನಾಲ್ಕು ಎಳೆತ, ಒಂದು ನಿಲುಗಡೆ. ನನ್ನ ಚಿಕ್ಕಂದಿನ ಮಧ್ಯಾಹ್ನಗಳೆಲ್ಲ ಆ ಲೆಕ್ಕದಲ್ಲೇ ಕಳೆದವು. ಅವ್ವ ಹೋಗಿ ಈಗ ಐದು ತಿಂಗಳಾದವು. ಪುಣೆಯ ಮಗರಪಟ್ಟಾದ ಈ ಹನ್ನೊಂದನೆಯ ಮಹಡಿಯ ಮನೆಯಲ್ಲಿ ಅರ ಎಳೆಯುವವರು ಯಾರೂ ಇಲ್ಲ. ಆದರೂ ಮೂರು ಗಂಟೆಯ ಹೊತ್ತಿಗೆ ನನಗೆ ಆ ಸದ್ದು ಕೇಳುತ್ತದೆ. ಮೊದಲು ಎದ್ದು ಹೋಗಿ ನೋಡುತ್ತಿದ್ದೆ. ಮೇಲಿನ ಮನೆಯಲ್ಲಿ ಬಡಗಿ ಕೆಲಸ ನಡೆದಿರಬಹುದೆಂದು ಒಮ್ಮೆ ಲಿಫ್ಟ್ ಹತ್ತಿ ಹೋಗಿ ವಿಚಾರಿಸಲು ನಿಂತೆ. ಬಾಗಿಲಿಗೆ ಬೀಗವಿತ್ತು, ಬೀಗದ ಮೇಲೆ ಧೂಳಿತ್ತು. ಈಗ ಏಳುವುದಿಲ್ಲ. ಕೂತಲ್ಲೇ ನಾಲ್ಕು ಎಳೆತ ಎಣಿಸಿ, ನೀರು ಬೀಳಲೆಂದು ಕಾಯುತ್ತೇನೆ.

ನಮ್ಮ ಮನೆ ಸೋಮವಾರ ಪೇಠೆಯ ಹಳೆಯ ವಾಡೆಯೊಂದರ ಮೊದಲ ಮಹಡಿಯಲ್ಲಿತ್ತು. ಎರಡು ಕೋಣೆ, ಮುಂದೆ ಎಲ್ಲರಿಗೂ ಸೇರಿದ ಕಟ್ಟಿಗೆಯ ಗ್ಯಾಲರಿ, ಕೆಳಗೆ ಅಂಗಳದಲ್ಲಿ ಎಂಟು ಮನೆಗಳಿಗೆ ಒಂದೇ ನಳ. ಒಳಗಿನ ಕೋಣೆ ಅಡುಗೆಗೆ, ಪೂಜೆಗೆ, ಆಯಿಯ ಹಾಸಿಗೆಗೆ. ಹೊರಗಿನದು ಉಳಿದೆಲ್ಲಕ್ಕೆ. ಆಯಿ ಎಂದರೆ ಅಪ್ಪನ ತಾಯಿ. ನಮ್ಮ ಬೈಲಹೊಂಗಲದ ಕಡೆ ಅಜ್ಜಿಯನ್ನು ಹಾಗೆ ಕರೆಯುತ್ತಾರೆ. ವಾಡೆಯ ಮರಾಠಿ ಹುಡುಗಿಯರಿಗೆ ಆಯಿ ಎಂದರೆ ತಾಯಿ. ನಿನ್ನ ಆಯಿ ಇಷ್ಟು ಮುದುಕಿಯೇ ಎಂದು ಅವರು ನಗುತ್ತಿದ್ದರು. ಅಪ್ಪ ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತನಾಗಿದ್ದ. ನನಗೆ ಎಂಟು ತುಂಬುವ ಮೊದಲೇ ಕಾಮಾಲೆ ಬಂದು ತೀರಿಕೊಂಡ. ಅವನ ಕಾರ್ಯ ಮುಗಿದ ಮರುದಿನ ಶಿವಪ್ಪ ಕಾಕಾ, ಅಪ್ಪನ ತಮ್ಮ, ನಮ್ಮನ್ನು ಊರಿಗೆ ಕರೆದೊಯ್ಯಲು ಹೊರಗಿನ ಕೋಣೆಯಲ್ಲಿ ಕೂತಿದ್ದ. ಊರೆಂದರೆ ಏನೆಂದು ಅವ್ವನಿಗೆ ಗೊತ್ತಿತ್ತು. ಕಾಕಾನ ಹಿರಿಯ ಮಗಳು ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟು ಮುಂದಿನ ವರ್ಷವೇ ಮದುವೆಯಾಗಿ ಗಂಡನ ಮನೆಯ ಮಾತು ಕೇಳುತ್ತಿದ್ದಳು.

"ವೈನೀ, ಗಂಟು ಕಟ್ಟರಿ. ಒಬ್ಬಾಕಿ ಹೆಣ್ಣಮಗಳು ಈ ಊರಾಗ ಏನ್ ಮಾಡ್ತೀರಿ?"

ವೈನಿ ಎಂದರೆ ಅತ್ತಿಗೆ, ನನ್ನ ಅವ್ವ. ಉತ್ತರ ಮಾತ್ರ ಒಳಗಿನ ಕೋಣೆಯಿಂದ ಆಯಿ ಕೊಟ್ಟಳು.

"ಒಬ್ಬಾಕಿ ಎಲ್ಲಿ? ನಾ ಇಲ್ಲೇನು?"

"ನೀ ಇಲ್ಲಿ ಇರ್ತೀ ಯವ್ವಾ? ಈ ನಳದ ನೀರು ಕುಡದು?"

"ಕುಡೀತೀನಿ. ನೀ ಬಸ್ ತಪ್ಪಿಸಿಕೋಬ್ಯಾಡ."

ಕಾಕಾ ಚಪ್ಪಲಿ ಮೆಟ್ಟುತ್ತ ಒಂದು ಮಾತು ಹೇಳಿ ಹೋದ. ಆಯಿ ಊರಿಗೆ ಮರಳಿದ ದಿನ ನಾವೂ ಮರಳಬೇಕು, ಅದರಲ್ಲಿ ಎರಡು ಮಾತಿಲ್ಲ. ಹೀಗೆ ಪುಣೆಯಲ್ಲಿ ನಮ್ಮ ಇರುವಿಕೆ, ನನ್ನ ಶಾಲೆ, ಅವ್ವನ ಉಸಿರು, ಎಲ್ಲವೂ ಕಣ್ಣಿಗೆ ಪೊರೆ ಬಂದ ಒಬ್ಬ ಮುದುಕಿಯ ಮನಸ್ಸಿನ ಮೇಲೆ ನಿಂತಿತು.

ಅವ್ವ ಕೆಲಸ ಹುಡುಕಿದ್ದು ರವಿವಾರ ಪೇಠೆಯಲ್ಲಿ. ಅಲ್ಲಿ ದಸ್ತಗೀರ್ ಚಾಚಾನ ಸಣ್ಣ ಅಂಗಡಿಯಿತ್ತು. ಚಾಕು, ಕತ್ತರಿ, ಅಡಕೊತ್ತು ಮಾರುವುದು, ಸಾಣೆ ಹಿಡಿಯುವುದು. ಅವನು ವಿಜಾಪುರದ ಕಡೆಯವನು. ಅವ್ವ ತಡವರಿಸುತ್ತ ಮರಾಠಿಯಲ್ಲಿ ಮಾತಾಡುವುದನ್ನು ಕೇಳಿ ಅವನೇ ಕನ್ನಡಕ್ಕೆ ಇಳಿದನಂತೆ.

"ತಂಗೀ, ಕಟ್ಟಿಗಿ ಹಿಡಿಕಿ ಕೆಲಸ ಎಲ್ಲಾ ಬಡಿಗ್ಯಾರಿಗೆ ಕೊಟ್ಟೀನಿ. ಉಳದದ್ದು ಇದು. ಇದು ಎಮ್ಮಿ ಎಲುಬು. ನಿಮ್ಮ ಮನಿಗೆ ಒಗ್ಗೂದಲ್ಲ, ಮೊದಲ ಹೇಳಿಬಿಡ್ತೀನಿ."

"ಕಚ್ಚಂಗಿಲ್ಲಲ್ಲ?"

ಚಾಚಾ ನಕ್ಕು ಒಂದು ಚೀಲ ಮುಂದೆ ತಳ್ಳಿದ. ನಾನು ಅವ್ವನ ಸೆರಗು ಹಿಡಿದು ಅಲ್ಲೇ ನಿಂತಿದ್ದೆ. ಎಲುಬು ಶುದ್ಧ ಮಾಡುವ ಕೆಲಸವನ್ನು ಅವನು ಯಾರಿಗೂ ಬಿಡುತ್ತಿರಲಿಲ್ಲ. ಸೋಡಾ ಹಾಕಿದ ನೀರಲ್ಲಿ ಸಣ್ಣ ಉರಿಯ ಮೇಲೆ ಇಟ್ಟು, ಕೊಬ್ಬು ಬಿಡಿಸಿ, ಬಿಸಿಲಲ್ಲಿ ವಾರಗಟ್ಟಲೆ ಹರವಿ, ಕೊಯ್ದ ಪಟ್ಟಿಗಳನ್ನಷ್ಟೇ ಕೊಡುತ್ತಿದ್ದ. ನಾವೇ ತೊಳೆದು ಕುದಿಸಿಕೊಳ್ಳೋಣವೇ ಎಂದು ಅವ್ವ ಒಮ್ಮೆ ಕೇಳಿದ್ದಕ್ಕೆ, "ಎಲುಬು ಅಂದ್ರ ಬ್ಯಾಳಿ ಅಲ್ಲವಾ ತಂಗಿ, ಕುದಿಸಿದಷ್ಟು ಕೆಡ್ತದ" ಎಂದಿದ್ದ.

ಮನೆಗೆ ಬಂದಾಗ ಆ ಚೀಲದಲ್ಲಿದ್ದದ್ದು ಕಲ್ಲಾಯಿತು. ಮೊದಲ ಮಧ್ಯಾಹ್ನವೇ ಒಳಗಿನಿಂದ ಆಯಿ ಕೇಳಿದಳು.

"ಏನದು ಕರಕರ?"

"ಕಲ್ಲರೀ ಅತ್ತಿ. ಚಾಕುಕ್ಕ ಕಲ್ಲಿನ ಹಿಡಿಕಿ."

"ಕಲ್ಲಿಗೆ ನೀರು ಯಾಕ ಹಾಕಬೇಕು?"

"ಬಿಸಿ ಆಗ್ತದರಿ."

ಆಯಿ ಮತ್ತೇನೂ ಕೇಳಲಿಲ್ಲ. ಅವಳು ಕೊರಳಲ್ಲಿ ಲಿಂಗ ಕಟ್ಟಿದವಳು. ಮೊಟ್ಟೆ ಬೇಯಿಸಿದ ಮನೆಯ ಮುಂದೆ ಹಾದುಹೋಗುವಾಗ ಉಸಿರು ಬಿಗಿಹಿಡಿಯುತ್ತಿದ್ದಳು. ಅಂಥವಳಿಂದ ಹತ್ತು ಹೆಜ್ಜೆ ಆಚೆ, ಒಂದು ಗೋಣಿತಟ್ಟಿನ ಮೇಲೆ, ಅವಳ ಸೊಸೆ ಎಮ್ಮೆಯ ಮೊಣಕಾಲ ಕೆಳಗಿನ ಎಲುಬನ್ನು ತಿಕ್ಕುತ್ತ ಕೂತಿರುತ್ತಿದ್ದಳು. ಆ ಗುಟ್ಟಿನಲ್ಲಿ ನನಗೂ ಪಾಲಿತ್ತು. ಅವ್ವ ನನ್ನ ಕಿವಿ ಹಿಡಿದೋ ಹೆದರಿಸಿಯೋ ಹೇಳಿದ್ದಲ್ಲ. ರೊಟ್ಟಿ ತಟ್ಟುತ್ತ, ನನ್ನ ಕಡೆ ನೋಡದೆ ಹೇಳಿದ್ದಳು.

"ಆಯಿಗೆ ತಿಳದ್ರ ಆಕಿ ಊರಿಗೆ ಹೋಗ್ತಾಳ. ಆಕಿ ಹ್ವಾದ್ರ ನಾವೂ ಹೋಗಬೇಕು. ನಿನಗ ಸಾಲಿ ಬೇಕಲ್ಲ?"

ಕೆಲಸ ನನಗೆ ಇಷ್ಟವಾಗಿತ್ತು, ಅದನ್ನು ಬಚ್ಚಿಡುವುದಿಲ್ಲ. ಒಂದು ಹಿಡಿಕೆಗೆ ಎರಡು ಪಟ್ಟಿ ಬೇಕು, ಅವು ಒಂದೇ ಎಲುಬಿನವಾಗಿದ್ದರೆ ಬಾಗು ಕೂಡಿಕೊಳ್ಳುತ್ತದೆ. ಚಾಚಾ ಎಲ್ಲವನ್ನೂ ಬೆರೆಸಿ ಕೊಡುತ್ತಿದ್ದ. ಜೋಡಿ ಹುಡುಕುವುದು ನನ್ನ ಪಾಲಿಗೆ ಬಂದಿತ್ತು. ಗ್ಯಾಲರಿಯ ಬೆಳಕಿಗೆ ಹಿಡಿದರೆ ಪ್ರತಿಯೊಂದರಲ್ಲೂ ಸಣ್ಣ ಕಂದು ಗೆರೆಗಳು ಕಾಣುತ್ತಿದ್ದವು. ಒಂದರ ಗೆರೆ ಎಲ್ಲಿ ನಿಂತಿತೋ ಅಲ್ಲಿಂದ ಇನ್ನೊಂದರದು ಹೊರಡುತ್ತಿತ್ತು. ನಾನು ಕೊಟ್ಟ ಜೋಡಿಯ ಒಳಮೈಯನ್ನು ಅವ್ವ ಒದ್ದೆ ಕಲ್ಲಿನ ಮೇಲೆ ಉಜ್ಜಿ ಸಪಾಟು ಮಾಡುತ್ತಿದ್ದಳು. ಬೈರಿಗೆಯಿಂದ ಮೂರು ತೂತು. ನಡುವೆ ಅಲಗಿನ ಕಬ್ಬಿಣದ ಬಾಲ, ಆಚೀಚೆ ಎಲುಬು, ತೂತುಗಳಲ್ಲಿ ಹಿತ್ತಾಳೆ ತಂತಿ. ತಂತಿಯ ತುದಿಯನ್ನು ಸಣ್ಣ ಸುತ್ತಿಗೆಯಿಂದ ಅಣಬೆಯ ತಲೆಯಂತೆ ಹರಡುವವರೆಗೆ ತಟ್ಟಬೇಕು. ಒಂದು ಪೆಟ್ಟು ಹೆಚ್ಚಾದರೆ ಪಟ್ಟಿ ಉದ್ದಕ್ಕೆ ಸೀಳುತ್ತದೆ. ಸಿಟ್ಟಿದ್ದ ದಿನ ಅವ್ವ ತಂತಿ ಹಾಕುತ್ತಿರಲಿಲ್ಲ, ಅರ ಎಳೆಯುವ ಕೆಲಸವನ್ನಷ್ಟೇ ಮಾಡುತ್ತಿದ್ದಳು. ಕೊನೆಗೆ ಮರಳುಕಾಗದ. ಮುಗಿದ ಹಿಡಿಕೆಯನ್ನು ಅಂಗೈಯಲ್ಲಿ ಹಿಡಿದರೆ ಸ್ವಲ್ಪ ಹೊತ್ತಿಗೆ ಅದು ಬೆಚ್ಚಗಾಗುತ್ತಿತ್ತು, ಯಾರೋ ತಿರುಗಿ ಕೈ ಹಿಡಿದ ಹಾಗೆ. ನಾನು ಬೇಗ ಕೆಳಗಿಡುತ್ತಿದ್ದೆ.

ಎಲ್ಲಕ್ಕೂ ಕೊನೆಯ ಹೊಳಪಿಗೆ ಬೂದಿ ಬೇಕು ಎಂದು ಚಾಚಾ ಹೇಳಿದ್ದ. ಒಲೆಯ ಬೂದಿ, ನುಣ್ಣಗೆ ಸೋಸಿ, ಒದ್ದೆ ಅರಿವೆಯಲ್ಲಿ ಅದ್ದಿ ತಿಕ್ಕಬೇಕು. ನಮ್ಮ ಮನೆಯಲ್ಲಿದ್ದದ್ದು ಸೀಮೆಎಣ್ಣೆಯ ಸ್ಟೋವ್. ಅದರಲ್ಲಿ ಬೂದಿ ಎಲ್ಲಿಂದ ಬರಬೇಕು? ಆದರೆ ಊರಿನಿಂದ ವರ್ಷಕ್ಕೊಮ್ಮೆ ಬರುವ ವಿಭೂತಿ ಗಟ್ಟಿಗಳು ಒಂದು ಬುಟ್ಟಿಯ ತುಂಬ ಇದ್ದವು. ಅವ್ವ ಒಂದು ದಿನವಿಡೀ ಯೋಚಿಸಿ, ಮೂರು ಗಟ್ಟಿಗಳನ್ನು ಕುಟ್ಟಿ, ತನ್ನ ಹಳೆಯ ಸೀರೆಯ ತುಂಡಿನಲ್ಲಿ ಸೋಸಿ, ಒಂದು ತಗಡಿನ ಡಬ್ಬಿಗೆ ತುಂಬಿದಳು. ಅದರಿಂದ ತಿಕ್ಕಿದ ಎಲುಬು ಹಾಲಿನ ಕೆನೆಯಂತೆ ಹೊಳೆಯಿತು. ತಿಕ್ಕುವಾಗ ಪುಡಿ ಉದುರುತ್ತಿತ್ತು, ಗೋಣಿತಟ್ಟಿನ ಮೇಲೆ, ನೆಲದ ಮೇಲೆ, ಮರಳುಕಾಗದದಿಂದ ಬಿದ್ದ ಎಲುಬಿನ ಪುಡಿಯ ಜೊತೆಗೆ. ಬೇರೆ ಯಾರಾದರೂ ಆಗಿದ್ದರೆ ಕಸಬರಿಗೆ ತಗೊಂಡು ಗುಡಿಸಿ ಹಾಕುತ್ತಿದ್ದರು. ಆದರೆ ಅದರಲ್ಲಿ ವಿಭೂತಿಯಿತ್ತು. ವಿಭೂತಿಯನ್ನು ತುಳಿಯಬಾರದು, ಕಸಕ್ಕೆ ಹಾಕಬಾರದು. ಅವ್ವ ಪ್ರತಿದಿನ ಸಂಜೆ ಮೊಣಕಾಲೂರಿ ಕೂತು ಒಂದು ಕಾಗದದ ತುಂಡಿನಿಂದ ಅದನ್ನೆಲ್ಲ ಬಳಿದು, ಹಣೆಗೆ ಮುಟ್ಟಿಸಿಕೊಂಡು, ಮತ್ತೆ ಅದೇ ಡಬ್ಬಿಗೆ ಹಾಕುತ್ತಿದ್ದಳು. ದಿನ ಹೋದಂತೆ ಡಬ್ಬಿಯಲ್ಲಿ ವಿಭೂತಿ ಎಷ್ಟು, ಎಲುಬು ಎಷ್ಟು ಎಂದು ಶಿವನೇ ಹೇಳಬೇಕಿತ್ತು.

ಆಯಿಯ ಪೂಜೆ ಬೆಳಿಗ್ಗೆ, ಅವ್ವ ಕೆಳಗೆ ನಳದ ಸರದಿಯಲ್ಲಿ ನಿಂತಿರುವ ಹೊತ್ತಿಗೆ. ಮಡಿ ಸೀರೆ ಉಟ್ಟು, ಗೋಡೆಗೆ ಮುಖಮಾಡಿ ಕೂತು, ಹಣೆಗೆ, ಕೊರಳಿಗೆ, ತೋಳಿಗೆ ಮೂರು ಬೆರಳು ವಿಭೂತಿ ಎಳೆದು, ಎಡ ಅಂಗೈಗೂ ಹಚ್ಚಿ ಅದರ ಮೇಲೆ ಲಿಂಗವನ್ನಿಡುತ್ತಿದ್ದಳು. ಮುಗಿದ ಮೇಲೆ ಒಂದು ಚಿಟಿಕೆ ನಾಲಗೆಗೆ. ನನಗೆ ಹತ್ತು ವರ್ಷದ ಒಂದು ಬೆಳಿಗ್ಗೆ, ನಾನು ಶಾಲೆಯ ಚೀಲ ಹೆಗಲಿಗೇರಿಸಿದಾಗ, ಆಯಿ ಒಳಗಿನಿಂದ ಕರೆದಳು. ಗಟ್ಟಿ ಮುಗಿದಿದೆ, ಇನ್ನೊಂದು ತಾ ಎಂದಳು. ಬುಟ್ಟಿ ಅಟ್ಟದ ಮೇಲಿತ್ತು, ಕೆಳಗೆ ಗೆಳತಿಯರು ಕೂಗುತ್ತಿದ್ದರು. ಗೋಣಿತಟ್ಟಿನ ಪಕ್ಕದಲ್ಲಿ ಡಬ್ಬಿ ಇತ್ತು. ಅದೂ ವಿಭೂತಿಯೇ ಅಲ್ಲವೇ ಎಂದು ಕೈ ತಾನಾಗಿಯೇ ಹೋಯಿತು. ಯೋಚನೆ ಅಷ್ಟೇ ಇತ್ತು. ಕೊಟ್ಟು ಬಾಗಿಲ ಕಡೆ ತಿರುಗಿದಾಗ ಅವಳು ಮೂರು ಬೆರಳು ಅದ್ದಿ ಹಣೆಗೆ ಎಳೆಯುತ್ತಿದ್ದಳು.

"ಏ ಸುಮಾ, ಭಾಳ ನುಣುಪ ಅದಲ್ಲ ಇದು. ಎಲ್ಲಿದು?"

"ಅವ್ವ ಕುಟ್ಟಿ ಸೋಸಿ ಇಟ್ಟಾಳ."

ಅದು ಸುಳ್ಳಲ್ಲ. ಆಯಿ ಸ್ವಲ್ಪ ಹೊತ್ತು ಬೆರಳುಗಳನ್ನು ಒಂದಕ್ಕೊಂದು ಉಜ್ಜುತ್ತ ಕೂತಳು. ಅವಳ ಗೆಣ್ಣುಗಳು ಬಾತಿದ್ದವು, ಗಟ್ಟಿ ತೇಯುವುದು ಅವಳಿಗೆ ಕಷ್ಟವಾಗಿತ್ತು.

"ನನ್ನ ಬೆರಳ ನೋವು ನಿಮ್ಮವ್ವಗ ತಿಳೀತು ನೋಡು. ನಾ ಬಾಯಿಬಿಟ್ಟು ಹೇಳಿದ್ದಿಲ್ಲ. ನನ್ನ ಮಗನೂ ಇಷ್ಟು ತಿಳಕೊಂಡಿದ್ದಿಲ್ಲ."

ಅಪ್ಪ ಹೋದ ಮೇಲೆ ಆಯಿ ಅವ್ವನನ್ನು ಹೊಗಳಿದ ಮೊದಲ ಮಾತು ಅದು. ಶಾಲೆಯಲ್ಲಿ ಪ್ರಾರ್ಥನೆಗೆ ಕೈಮುಗಿದು ನಿಂತಾಗ, ಸಂಜೆ ಅವ್ವ ಮೊಣಕಾಲೂರಿ ಪುಡಿ ಬಳಿಯುವ ಚಿತ್ರ ಕಣ್ಣಮುಂದೆ ಬಂತು. ಆ ಡಬ್ಬಿಯಲ್ಲಿ ಎಲುಬೂ ಇತ್ತು. ಮರುದಿನ ಅಟ್ಟದಿಂದ ಗಟ್ಟಿ ಇಳಿಸಿ ಕೊಟ್ಟೆ. ಆಯಿ ಅದನ್ನು ಮುಟ್ಟಿ ನೋಡಿ ಪಕ್ಕಕ್ಕಿಟ್ಟಳು.

"ಇದಲ್ಲವಾ. ನಿಮ್ಮವ್ವ ಮಾಡಿದ್ದು ಕೊಡು."

ಕೊಟ್ಟೆ. ಗೊತ್ತಿದ್ದೂ ಕೊಟ್ಟೆ. ಆ ದಿನವೂ, ಆಮೇಲಿನ ಹದಿನೇಳು ದಿನಗಳೂ. ಪೂಜೆ ಮುಗಿದ ಕೂಡಲೇ ಡಬ್ಬಿಯನ್ನು ಗೋಣಿತಟ್ಟಿನ ಪಕ್ಕಕ್ಕೆ, ಇದ್ದ ಜಾಗದಲ್ಲೇ ಇಡುತ್ತಿದ್ದೆ. ಅವ್ವ ನೀರಿನ ಕೊಡ ಹೊತ್ತು ಬರುವಷ್ಟರಲ್ಲಿ ಎಲ್ಲವೂ ಮೊದಲಿನಂತಿರುತ್ತಿತ್ತು, ಆಯಿಯ ಹಣೆಯೊಂದನ್ನು ಬಿಟ್ಟು. ಆ ಹಣೆಯನ್ನು ನಾನು ನೋಡಲಾರದೆ ಹೋದೆ. ಒಣಗಿದ ಮೇಲೆ ಉಳಿದವರ ವಿಭೂತಿ ಬೂದುಬಣ್ಣಕ್ಕೆ ತಿರುಗುತ್ತದೆ. ಆಯಿಯದು ಬೆಳ್ಳಗೆ, ಸಂಜೆಯವರೆಗೂ ಬೆಳ್ಳಗೆ ಉಳಿಯುತ್ತಿತ್ತು. ಕನಸಿನಲ್ಲಿ ಆ ಮೂರು ಗೆರೆಗಳ ಹಿಂದೆ ಒಂದು ಎಮ್ಮೆ ನನ್ನನ್ನು ನೋಡುತ್ತಿತ್ತು. ಸುಮ್ಮನೆ ನೋಡುತ್ತಿತ್ತು, ಅಷ್ಟೇ. ಹೇಳಬೇಕೆಂದು ದಿನವೂ ಅಂದುಕೊಳ್ಳುತ್ತಿದ್ದೆ. ಆದರೆ ಆ ದಿನಗಳಲ್ಲಿ ಆಯಿ ಅವ್ವನನ್ನು ಹತ್ತಿರ ಕೂರಿಸಿಕೊಂಡು ಊಟ ಮಾಡತೊಡಗಿದ್ದಳು. ಒಮ್ಮೆ ತನ್ನ ತಾಟಿನ ಶೇಂಗಾ ಚಟ್ನಿಯನ್ನು ಅವ್ವನ ರೊಟ್ಟಿಯ ಮೇಲೆ ತಾನೇ ಹಾಕಿದಳು. ಅವ್ವ ಯಾಕೆಂದು ತಿಳಿಯದೆ ಕಣ್ಣು ಒರೆಸಿಕೊಂಡಳು.

ಹತ್ತೊಂಬತ್ತನೆಯ ದಿನಕ್ಕೆ ಕಾಕಾ ಬಂದ. ನನ್ನ ಮದುವೆಗೆ ನೋಡಿದ್ದ ಮನೆತನವೊಂದರ ಮಾತೂ ಅವನ ಚೀಲದಲ್ಲಿತ್ತೆಂದು ಆಮೇಲೆ ತಿಳಿಯಿತು. ಸ್ನಾನ ಮಾಡಿ ಬಂದು ತಾಯಿಯ ಎದುರು ಕೂತ. ಆಯಿ ಡಬ್ಬಿಯನ್ನು ಅವನ ಕಡೆ ಸರಿಸಿದಳು.

"ಹಚ್ಚಿಕೋ. ನಿಮ್ಮ ವೈನಿ ನನಗಂತ ಸೋಸಿ ಮಾಡ್ಯಾಳ."

ಅವನು ಮೂರು ಬೆರಳು ಎಳೆದುಕೊಂಡ. ಆ ಹೊತ್ತಿಗೆ ಸರಿಯಾಗಿ ಅವ್ವ ಕೊಡ ಹೊತ್ತು ಒಳಗೆ ಬಂದಳು. ಮೊದಲು ಡಬ್ಬಿ ನೋಡಿದಳು. ಆಮೇಲೆ ಆಯಿಯ ಹಣೆ, ಕಾಕಾನ ಹಣೆ. ಕೊನೆಗೆ ಬಾಗಿಲಲ್ಲಿ ನಿಂತಿದ್ದ ನನ್ನ ಮುಖ. ಕೊಡದ ನೀರು ತುಳುಕಿ ಅವಳ ಭುಜ ನೆನೆಯಿತು, ಕೊಡ ಮಾತ್ರ ಕೆಳಗೆ ಬೀಳಲಿಲ್ಲ.

ಉಪ್ಪಿಟ್ಟು ತಿಂದು ಕಾಕಾ ಗ್ಯಾಲರಿಗೆ ಹೋದ. ಅಲ್ಲಿ ಅರಿವೆಯ ಕೆಳಗೆ ಏಳೆಂಟು ಹಿಡಿಕೆಗಳಿದ್ದವು. ಒಂದನ್ನೆತ್ತಿ ಕೈಯಲ್ಲಿ ತೂಗಿದ.

"ಇದು ಯಾವ ಕಲ್ಲ್ರಿ ವೈನಿ? ಕಲ್ಲು ಇಷ್ಟು ಹಗುರ ಇರ್ತದ?"

ಅವ್ವ ಸ್ಟೋವ್ ಪಂಪು ಮಾಡುತ್ತ ಕೂತಳು. ಅದಾಗಲೇ ಉರಿಯುತ್ತಿತ್ತು. ಕಾಕಾ ಉಗುರಿನಿಂದ ಕೆರೆದ, ಮೂಗಿಗೆ ಹಿಡಿದ. ದನಕರು ಸಾಕಿದವನು, ಅವನಿಗೆ ಗೊತ್ತಾಗದಿರುತ್ತದೆಯೇ. ಹಿಡಿಕೆಯನ್ನು ಒಯ್ದು ತಾಯಿಯ ಕೈಯಲ್ಲಿಟ್ಟ.

"ಯವ್ವಾ, ನೀನ ನೋಡು. ಇದು ಕಲ್ಲೋ ಏನೋ ಹೇಳು."

ಆಯಿ ಅದನ್ನು ಎರಡೂ ಕೈಯಲ್ಲಿ ಹಿಡಿದಳು. ಹೆಬ್ಬೆರಳನ್ನು ಅದರ ಬಾಗಿನ ಉದ್ದಕ್ಕೆ ಎಳೆದಳು, ತಂತಿಯ ತಲೆಗಳನ್ನು ಮುಟ್ಟಿದಳು. ಐವತ್ತು ವರ್ಷ ಎಮ್ಮೆ ಹಿಂಡಿದ ಕೈ ಅದು. ಅಂಗೈಯಲ್ಲಿ ಅದು ಬೆಚ್ಚಗಾಗುವುದು ನನಗೆ ನಿಂತಲ್ಲಿಂದಲೇ ಗೊತ್ತಾಗುತ್ತಿತ್ತು. ಊರು, ಕಾಕಾನ ಮನೆಯ ಅಡುಗೆಮನೆ, ಶಾಲೆಯಿಲ್ಲದ ಬೆಳಿಗ್ಗೆಗಳು, ಎಲ್ಲವೂ ಬಾಗಿಲಲ್ಲಿ ಬಂದು ನಿಂತವು.

"ಕಲ್ಲು," ಎಂದಳು ಆಯಿ. "ನಿನಗ ಜೋಳದ ವ್ಯಾಪಾರ ತಿಳೀತದ. ಕಲ್ಲಿಂದು ಏನು ತಿಳೀತದ?"

ಕಾಕಾ ತಾಯಿಯ ಮುಖವನ್ನೇ ನೋಡಿದ. ಚೀಲದಲ್ಲಿದ್ದ ಮನೆತನದ ಮಾತನ್ನೂ ಎತ್ತಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಹೋದ, ಹಣೆಯ ಮೇಲಿನ ಬಿಳಿ ಗೆರೆಗಳ ಸಮೇತ.

ಅವನ ಹೆಜ್ಜೆ ಸದ್ದು ಮೆಟ್ಟಿಲಲ್ಲಿ ಕರಗಿದ ಮೇಲೆ ಆಯಿ ಹಿಡಿಕೆಯನ್ನು ನೆಲಕ್ಕಿಟ್ಟಳು.

"ಎಂದಿನಿಂದ ನಡದದ?"

"ಎರಡು ವರ್ಷ ಆತ್ರಿ."

"ಹೊಟ್ಟಿಗಾಗಿ ಮಾಡಿದಿ. ಅದಕ್ಕ ನಾ ಏನೂ ಅನ್ನಂಗಿಲ್ಲ. ಕೆಲಸ ಬಿಡಬ್ಯಾಡ. ನನ್ನ ಪೂಜಿ ಜಾಗಾಕ್ಕ ತರಬ್ಯಾಡ, ಅಷ್ಟ."

ಅಲ್ಲಿಗೆ ಮುಗಿಯಬಹುದಿತ್ತು. ಅವ್ವ ಸುಮ್ಮನಿದ್ದು, ಸಂಜೆ ಡಬ್ಬಿ ಬದಲಿಸಿಬಿಟ್ಟಿದ್ದರೆ ಮುಗಿಯುತ್ತಿತ್ತು. ಆದರೆ ಆಯಿಯ ಮೈಮೇಲೆ ಅದು ಇನ್ನೂ ಇತ್ತು, ಲಿಂಗದ ಕೆಳಗೂ ಇತ್ತು. ಅವ್ವ ಅವಳ ಕಾಲ ಹತ್ತಿರ ಕೂತು ಹೇಳಿದಳು: ಬೂದಿ ಇರಲಿಲ್ಲ, ವಿಭೂತಿ ಕುಟ್ಟಿದೆ, ಉದುರಿದ್ದನ್ನು ತುಳಿಯಬಾರದೆಂದು ಮತ್ತೆ ಡಬ್ಬಿಗೆ ಬಳಿದೆ, ಅದರಲ್ಲಿ ಎಲುಬಿನ ಪುಡಿಯೂ ಇದೆ. ಆಯಿ ಸೆರಗಿನ ತುದಿಯಿಂದ ಹಣೆ ಒರೆಸಿಕೊಂಡಳು.

"ತುಳೀಬಾರದು ಅಂತ ಬಳದಿ. ಅದೂ ತಿಳೀತು. ಆದ್ರ ಅದನ್ನ ನನ್ನ ಲಿಂಗದ ಮುಂದ ತಂದು ಇಟ್ಟವರು ಯಾರು?"

"ನಾನ ಇಟ್ಟಿದ್ದೆ."

"ದಿನಾ ತಂದುಕೊಟ್ಟಾಕಿ ಸುಮಾ."

"ಆಕಿಗೆ ಏನ್ ಗೊತ್ತು, ಪಾಪ. ನಾ ನಿಮ್ಮ ಗಟ್ಟಿ ಇಡೂ ಜಾಗಾದಾಗ ಇಟ್ಟೆ, ಆಕಿ ತಂದಳು. ನನಗ ಲಕ್ಷ್ಯ ಇರಲಿಲ್ಲ."

ನಾನು ಬಾಗಿಲ ಚೌಕಟ್ಟಿಗೆ ಬೆನ್ನು ಹಚ್ಚಿ ನಿಂತಿದ್ದೆ. ಬಾಯಿ ತೆರೆದರೆ ಸಾಕಿತ್ತು. ಅವ್ವ ತಿರುಗಿ ನೋಡಲಿಲ್ಲ, ಆದರೆ ಬೆನ್ನ ಹಿಂದೆ ಅವಳ ಕೈ ನೆಲಕ್ಕೆ ಒತ್ತಿತ್ತು, ಸುಮ್ಮನಿರು ಎನ್ನುವ ಹಾಗೆ. ಹಾಗೆಂದು ನಾನು ಅಂದುಕೊಂಡೆ. ಕೈ ಊರಿ ಕೂತಿದ್ದಳೋ ಏನೋ.

ಆಯಿ ಬಚ್ಚಲಿಗೆ ಹೋಗಿ ತಾನೇ ನೀರು ಸುರಿದುಕೊಂಡಳು. ಲಿಂಗವನ್ನು ತೊಳೆದಳು, ಮತ್ತೆ ತೊಳೆದಳು. ಮೂರು ದಿನ ಏನೂ ತಿನ್ನಲಿಲ್ಲ. ನಾಲ್ಕನೆಯ ದಿನ ಅವ್ವ ರೊಟ್ಟಿ, ಪುಂಡಿಪಲ್ಯ ಹಾಕಿದ ತಾಟು ಮುಂದಿಟ್ಟಾಗ ಅದನ್ನು ಬೆರಳ ತುದಿಯಿಂದ ಹಿಂದಕ್ಕೆ ಸರಿಸಿದಳು. ಸಿಟ್ಟಿರಲಿಲ್ಲ ಆ ಮುಖದಲ್ಲಿ.

"ನಾ ಊರಿಗೆ ಹೋಗಂಗಿಲ್ಲ, ಅಂಜಬ್ಯಾಡ. ಆದ್ರ ಇನ್ನ ಮ್ಯಾಲ ನನ್ನ ಊಟ, ನೀರು ಸುಮಾ ನೋಡಲಿ. ಆಕಿ ಕೈ ಶುದ್ಧ ಅದ."

ಏಳು ವರ್ಷ ನಾನು ಆಯಿಗೆ ರೊಟ್ಟಿ ಬಡಿದೆ. ಮೊದಲ ತಿಂಗಳು ಬೆರಳುಗಳೆಲ್ಲ ಸುಟ್ಟುಕೊಂಡೆ. ಅವ್ವ ಪಕ್ಕದಲ್ಲಿ ನಿಂತು ಬಾಯಿಮಾತಲ್ಲಿ ಕಲಿಸುತ್ತಿದ್ದಳು, ಹಿಟ್ಟು ಮುಟ್ಟುತ್ತಿರಲಿಲ್ಲ. ಆಯಿಗೆಂದು ಬೇರೆ ಬಿಂದಿಗೆ, ಬೇರೆ ಲೋಟ, ನಳದಿಂದ ನಾನೇ ತರುವ ನೀರು. ಆಯಿ ಉಣ್ಣಲು ಕೂತಾಗ ಅವ್ವ ಅರ ಕೆಳಗಿಟ್ಟು ಗ್ಯಾಲರಿಗೆ ಹೋಗಿ ನಿಲ್ಲುತ್ತಿದ್ದಳು. ಇಬ್ಬರೂ ಮಾತಾಡುತ್ತಿದ್ದರು, ಬೆಲೆ, ಬಿಸಿಲು, ಊರಿನ ಸುದ್ದಿ. ಅವ್ವ ಆಯಿಯ ತಲೆ ಬಾಚುತ್ತಿದ್ದಳು, ಕಾಲು ಒತ್ತುತ್ತಿದ್ದಳು. ಅದಕ್ಕೆಲ್ಲ ತಡೆಯಿರಲಿಲ್ಲ. ಬಾಯಿಗೆ ಹೋಗುವುದು ಮಾತ್ರ ಅವಳ ಕೈಯಿಂದ ಆಗುತ್ತಿರಲಿಲ್ಲ. ನಾನು ಪ್ರತಿ ತುತ್ತಿಗೂ ಹೇಳಬೇಕೆಂದುಕೊಂಡೆ. ಹೇಳಿದರೆ ಆಯಿ ಹೋಗಿಬಿಡುತ್ತಾಳೆ ಎಂದು ಮೊದಲ ವರ್ಷಗಳಲ್ಲಿ ನೆವ ಹೇಳಿಕೊಂಡೆ. ಆಮೇಲೆ ಆ ನೆವವೂ ಬೇಕಾಗಲಿಲ್ಲ, ಸುಮ್ಮನಿರುವುದು ಅಭ್ಯಾಸವಾಗಿತ್ತು. "ನಿನ್ನ ಕೈ ರೊಟ್ಟಿ ನಮ್ಮವ್ವನ ರೊಟ್ಟಿ ಹಾಂಗ ಆಗ್ಯಾವ" ಎಂದು ಆಯಿ ಒಮ್ಮೆ ಉಂಡು ಮಲಗಿದ ಮೇಲೆ ಹೇಳಿದಾಗ, ಹೊರಗೆ ಅರದ ಸದ್ದು ನಾಲ್ಕರ ಬದಲು ಎರಡಕ್ಕೇ ನಿಂತುಬಿಟ್ಟಿತು.

ನನಗೆ ಹದಿನೇಳಾದ ವರ್ಷ ಆಯಿ ಹಾಸಿಗೆ ಹಿಡಿದಳು. ಊಟ ಬಿಟ್ಟಿತು. ಚಮಚದಲ್ಲಿ ನೀರು ಮಾತ್ರ. ಕೊನೆಯ ಬೆಳಿಗ್ಗೆ ನಾನು ಎರಡು ಚಮಚ ಕುಡಿಸಿ ಟೈಪಿಂಗ್ ಕ್ಲಾಸಿಗೆ ಹೊರಟೆ. ಅಂದು ಪರೀಕ್ಷೆಯಿತ್ತು ಎಂದು ಅವ್ವನಿಗೆ ಹೇಳಿದೆ. ಪರೀಕ್ಷೆಯೇನೂ ಇರಲಿಲ್ಲ, ಆ ಕೋಣೆಯಲ್ಲಿ ಕೂರಲು ನನ್ನಿಂದಾಗುತ್ತಿರಲಿಲ್ಲ. ಅವ್ವ ಮೆಟ್ಟಿಲವರೆಗೆ ಬಂದಳು. ಏನೋ ಕೇಳುವವಳ ಹಾಗೆ ನನ್ನನ್ನು ನೋಡಿದಳು.

"ಏನವ್ವಾ?"

"ಏನಿಲ್ಲ. ಹೋಗಿ ಬಾ."

ಹನ್ನೊಂದರ ಹೊತ್ತಿಗೆ ಆಯಿ ನೀರು ಕೇಳಿದಳಂತೆ. ಅವ್ವ ಬೇರೆ ಲೋಟದಲ್ಲಿ, ಬೇರೆ ಬಿಂದಿಗೆಯ ನೀರನ್ನೇ ಹಿಡಿದು ಬಾಯಿಯ ಹತ್ತಿರ ತಂದಳು. ಹೆಜ್ಜೆಯ ಸದ್ದಿಗೆ ಆಯಿಗೆ ಯಾರೆಂದು ತಿಳಿಯಿತು. ತುಟಿ ಬಿಗಿದುಕೊಂಡು, ಸುಮಾ ಬರಲಿ ಎಂದಳು. ಅವ್ವ ಗ್ಯಾಲರಿಗೆ ಓಡಿ ಕೆಳಮನೆಯ ಹೆಂಗಸನ್ನು ಕೂಗಿ ಕರೆದಳು. ಆಕೆ ಕೈ ಒರೆಸಿಕೊಳ್ಳುತ್ತ ಮೇಲೆ ಬಂದು ಚಮಚ ಹಿಡಿದಾಗ ನೀರು ತುಟಿಯಂಚಿನಿಂದ ದಿಂಬಿಗೆ ಇಳಿಯಿತು. ನಾನು ಬಂದಾಗ ಅವ್ವ ಲೋಟವನ್ನು ಮಡಿಲಲ್ಲಿಟ್ಟುಕೊಂಡು ಗೋಡೆಗೆ ಒರಗಿದ್ದಳು.

ಆ ವಾಡೆ ಈಗಿಲ್ಲ. ಅವ್ವನೂ ಇಲ್ಲ. ಕಳೆದ ಚಳಿಗಾಲದಲ್ಲಿ ಅವಳಿಗೆ ಏಳಲು ಆಗುತ್ತಿರಲಿಲ್ಲ, ಮಾತು ಕಡಿಮೆಯಾಗಿತ್ತು, ನೆನಪು ಮಾತ್ರ ಚೂರೂ ಮಾಸಿರಲಿಲ್ಲ. ಒಂದು ಮಧ್ಯಾಹ್ನ ಅವಳನ್ನು ಕಿಟಕಿಯ ಬಿಸಿಲಿಗೆ ಕೂರಿಸಿ, ಹಿಂದೆ ಕೂತು ತಲೆ ಬಾಚುತ್ತಿದ್ದೆ. ಮುಖ ಕಾಣದಿದ್ದರಿಂದ ಹೇಳಲು ಸಾಧ್ಯವಾಯಿತು.

"ಅವ್ವಾ, ಆ ಡಬ್ಬಿ ಆಯಿಗೆ ನಾನ ಕೊಟ್ಟಿದ್ದೆ. ಗೊತ್ತಿದ್ದೂ ಕೊಟ್ಟಿದ್ದೆ."

"ಹೂಂ."

"ನಿನಗ ಗೊತ್ತಿತ್ತು?"

"ಬಾಗಿಲದಾಗ ನಿನ್ನ ಮಾರಿ ನೋಡಿದ್ನಲ್ಲ."

"ಮತ್ತ ಯಾಕ ಹೇಳಲಿಲ್ಲ? ಏಳು ವರ್ಷ ಆಕಿ ನಿನ್ನ ಕೈಯಾಗಿಂದ ಒಂದು ಹನಿ ನೀರು ತಗೊಳ್ಳಲಿಲ್ಲ."

ಅವ್ವ, ಇಷ್ಟು ಸಣ್ಣದೂ ತಿಳಿಯಲಿಲ್ಲವೇ ಎನ್ನುವ ದನಿಯಲ್ಲಿ ಹೇಳಿದಳು.

"ಹೇಳಿದ್ರ ಆಕಿ ಯಾರ ಕೈಯಾಗ ಉಣತಿದ್ಲು?"

ಐವತ್ತು ವರ್ಷ ನಾನು ಅದನ್ನು ನನ್ನ ಹೇಡಿತನವೆಂದೇ ಹೊತ್ತಿದ್ದೆ. ಅವಳಿಗೆ ಅದು ಒಬ್ಬ ಮುದುಕಿಯ ಎರಡು ಹೊತ್ತಿನ ಊಟವಾಗಿತ್ತು. ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಬಾಚಣಿಗೆ ಮತ್ತೆ ಎತ್ತಿಕೊಂಡೆ. ಅವ್ವ ಮಾತು ಮುಗಿಸಿರಲಿಲ್ಲ.

"ಆದ್ರ ಕಡೀ ಮುಂಜಾನಿ ಆಯಿಗೆ ಹೇಳಬಹುದಿತ್ತು ನೀನು. ಕ್ಲಾಸಿಗೆ ಹೋಗೂ ಮುಂಚೆ. ಆಗ ಆಕಿಗೆ ಊಟ ಬೇಕಾಗಿದ್ದಿಲ್ಲ, ನೀರಷ್ಟ ಬೇಕಾಗಿತ್ತು."

ದನಿಯಲ್ಲಿ ದೂರಿರಲಿಲ್ಲ. ಜೋಡಿ ಕೂಡದ ಪಟ್ಟಿಯನ್ನು ಪಕ್ಕಕ್ಕಿಡುವಾಗಿನಷ್ಟು ಸಮಾಧಾನ ಅದರಲ್ಲಿತ್ತು. ಮೆಟ್ಟಿಲ ತಲೆಯಲ್ಲಿ ಅವಳು ಏನು ಕೇಳಲು ನಿಂತಿದ್ದಳೆಂದು ನನಗೆ ಆಗ ತಿಳಿಯಿತು. ಅವಳ ಕೂದಲು ನೂಲಿನಷ್ಟೇ ಉಳಿದಿತ್ತು. ಅದನ್ನು ಮೂರು ಎಳೆ ಮಾಡಿ ಹೆಣೆದೆ, ತುದಿಗೆ ಗಂಟು ಹಾಕಿದೆ. ಬಿಗಿಯಾಯಿತೇ ಎಂದು ಕೇಳಿದೆ. ಇಲ್ಲ ಎಂದಳು.